ತೋಳಪಟ್ಟಿ

ಮುಷ್ಕರದ ಮೂರನೆಯ ದಿನ. ಪಲೆನ್ಸಿಯಾದಲ್ಲಿ
ಮಂಜು ನದಿಯಿಂದೆದ್ದು ಬಂದು
ಬೀದಿಯ ಹೆಸರುಗಳನ್ನೆಲ್ಲ ನೆಕ್ಕಿ ಅಳಿಸಿತ್ತು.
ಕೆಲಸವಿಲ್ಲದ ಅಂಚೆಯವನಿಗೆ ಬೆಳಗು ತೀರಾ ಉದ್ದ.
ಕಾಲು ಹೇಳಿದ್ದು ಕೇಳುವುದಿಲ್ಲ,
ಐದೂವರೆಗೇ ಎದ್ದು ಬೂಟು ಹುಡುಕುತ್ತದೆ.
ಹೊರಬಂದೆ, ಸುಮ್ಮನೆ, ಬರಿಗೈಯಲ್ಲಿ.

ಮೂಲೆಯಲ್ಲೊಬ್ಬ ಸೈನಿಕ. ಹುಡುಗ.
ಟೋಪಿ ಅವನ ತಲೆಗಿಂತ ಒಂದು ವರ್ಷ ದೊಡ್ಡದು.
ಲಕೋಟೆಯ ಕಟ್ಟೊಂದನ್ನು ಎದೆಗವಚಿ ನಿಂತಿದ್ದ
ಬೆಕ್ಕಿನ ಮರಿ ಹಿಡಿದವರ ಹಾಗೆ.
"ಸ್ವಾಮಿ, ಕುಂಬಾರರ ಓಣಿ ಯಾವುದು?"
ದನಿಯಲ್ಲಿ ದಕ್ಷಿಣದ ಬಿಸಿಲು. ಹೆಸರು ನಿಕಾನೊರ್.
ಊರಲ್ಲಿ ಆಲಿವ್ ಬಡಿಯುವ ಕಾಲ,
ಇವನಿಲ್ಲಿ ಮಂಜಿನಲ್ಲಿ ಮನೆ ನಂಬರು ತಡವುತ್ತಿದ್ದಾನೆ.

ಕಾಗದ ಕಂಡರೆ ಕಣ್ಣು ಓದುತ್ತದೆ, ತಡೆಯಲಾಗದು.
ಪ್ರುದೆನ್ಸಿಯೊ, ಮೂರನೆಯ ಬೀಟು.
ಲೆಯೊಕಾದಿಯಾ, ವಿಂಗಡಣೆಯ ಮೇಜು.
ತಂತಿ ವಿಭಾಗದ ಕುಂಟ ಬಸಿಲಿಯೊ.
ಎಲ್ಲ ನಮ್ಮವರೇ.
ಅಂಚೆಯನ್ನು ದಂಡಿಗೆ ಸೇರಿಸಿಕೊಂಡ ಆಜ್ಞೆ,
ಮುಟ್ಟಿಸುವುದಕ್ಕೆ ಅಂಚೆಯೇ ಇಲ್ಲ!
ನಗು ಬಂತು. ಹುಡುಗನೂ ನಕ್ಕ, ಯಾಕೆಂದು ತಿಳಿಯದೆ.

ಆಮೇಲೆ ಮಾಡಿದ್ದನ್ನು ನಾನು
ಸಂಘದಲ್ಲಿ ಇವತ್ತಿಗೂ ಹೇಳಿಲ್ಲ.
ದಾರಿ ತೋರಿಸಿದೆ.
"ಇದಲ್ಲ, ಹಿಂದಿನ ಅಂಗಳದ ಹದಿನಾಲ್ಕು.
ಗಂಟೆ ಕೆಟ್ಟಿದೆ, ಕಿಟಕಿ ಬಡಿ."
ಇಪ್ಪತ್ತೆರಡು ವರ್ಷದ ಚಾಳಿ:
ಮನೆ ಸೇರದ ಕಾಗದ ಕಂಡರೆ ಸಾಕು,
ಹಲ್ಲಿನ ಸಂದಿಯಲ್ಲಿ ಎಲುಬಿನ ಚೂರು ಸಿಕ್ಕ ಹಾಗೆ.
ಹನ್ನೊಂದು ಮನೆ, ಹನ್ನೊಂದು ಸಹಿ.
ಹನ್ನೆರಡನೆಯದನ್ನು ಅವನು ತಡವರಿಸಿ ಓದಿದ:
"ಎಲಾದಿಯೊ... ಇದೆಲ್ಲಿ ಬರುತ್ತೆ ಸ್ವಾಮಿ?"
"ಇಲ್ಲೇ" ಎಂದೆ. ಅವನ ಪೆನ್ನನ್ನೇ ಕೇಳಿ ಸಹಿ ಹಾಕಿದೆ.
ಪಾಪ, ಸಲ್ಯೂಟ್ ಹೊಡೆಯಬೇಕೋ ಬೇಡವೋ ಎಂದು
ಕೈಯನ್ನು ಅರ್ಧಕ್ಕೆ ಎತ್ತಿ, ಮೂಗು ಒರೆಸಿಕೊಂಡ.

ಸೋಮವಾರದಿಂದ ಅದೇ ಚೀಲ, ಅದೇ ಬೂಟು,
ತೋಳಿಗೊಂದು ಪಟ್ಟಿ.
ಗೋಡೆಗಂಟಿಸಿದ ಹಾಳೆ ಹೇಳುತ್ತದೆ:
ತಡವಾದರೆ ಅಶಿಸ್ತು, ಬಾರದಿದ್ದರೆ ಪಲಾಯನ,
ಬಾಯಿ ತೆರೆದರೆ ದಂಗೆ.
ನೆಗಡಿಗೆ ಏನನ್ನುತ್ತೀರಿ, ಬಸಿಲಿಯೊ ಕೇಳಿದ.
ಕ್ಯಾಪ್ಟನ್ ಬರೆದುಕೊಂಡರು,
ಪ್ರಶ್ನೆಯನ್ನಲ್ಲ, ಹೆಸರನ್ನು.
ಕೆಟ್ಟವರೇನಲ್ಲ. ಅಂಚೆಚೀಟಿಯ ಹಾಳೆಗಳನ್ನು
ತೋಟಾಗಳ ಹಾಗೆ ಎರಡೆರಡು ಸಲ ಎಣಿಸಿ
ಬೀಗ ಹಾಕಿ, ಬೀಗ ಜಗ್ಗಿ ನೋಡಿದರು.

ಪಟ್ಟಿಯ ತೂಕವೆಷ್ಟು? ಯಾರಿಲ್ಲದಾಗ
ಬಿಚ್ಚಿ ತಕ್ಕಡಿಗೆ ಹಾಕಿದೆ. ಒಂಬತ್ತು ಗ್ರಾಂ.
ಒಳನಾಡಿನ ದರದಲ್ಲಿ ಒಂದು ಸಾಧಾರಣ ಕಾಗದ.

ಸೇತುವೆಯಾಚೆ ಮೂರನೆಯ ಮಹಡಿ, ಮುದುಕಿ ಕಾಸಿಲ್ದಾ.
ಮೆಟ್ಟಿಲಲ್ಲಿ ನನ್ನ ಕೆಮ್ಮು ಕೇಳಿದರೆ
"ಬಂದೆ ಮಗಾ" ಎನ್ನುವವಳು,
ಸೋಂಪಿನ ಬಿಸ್ಕತ್ತು ನನಗೆಂದೇ ಎತ್ತಿಡುವವಳು.
ಬಾಗಿಲು ಗೇಣಷ್ಟು ತೆರೆಯಿತು.
ಅವಳ ಕಣ್ಣು ನನ್ನ ಮುಖದವರೆಗೆ ಬರಲೇ ಇಲ್ಲ,
ತೋಳಿನಲ್ಲೇ ನಿಂತುಬಿಟ್ಟಿತು.
ಮೂವತ್ತಾರರ ಬೇಸಿಗೆಯಲ್ಲಿ
ಅವಳ ಗಂಡನನ್ನು ಕರೆದೊಯ್ದವರ ತೋಳಿಗೂ ಪಟ್ಟಿಯಿತ್ತು.
ಊರಿಗೆ ಊರೇ ಬಲ್ಲದ್ದು, ಯಾರೂ ಆಡದ್ದು,
ನಲವತ್ತು ವರ್ಷ.

"ನಾನು ಕಣಮ್ಮಾ, ಎಲಾದಿಯೊ. ಅಂಚೆಯವ."

ಒಳಗೆ ಹಾಲು ಉಕ್ಕಿ ಒಲೆಗೆ ಸುರಿಯುವ ಸದ್ದು.

"ಅವತ್ತು ಬಂದವನ ಹೆಸರೂ
ನನಗೆ ಗೊತ್ತಿತ್ತು" ಎಂದಳು.
ಅಗುಳಿ ಬಿತ್ತು.

ಅವಳ ತಂಗಿಯ ಕಾಗದ, ನೀಲಿ ಶಾಯಿ, ಓರೆ ಅಕ್ಷರ.
ಬಾಗಿಲಡಿ ತಳ್ಳಿದೆ. ಅರ್ಧ ಹೋಗಿ ನಿಂತಿತು.
ಒಳಗಿನಿಂದ ಯಾರೂ ಎಳೆದುಕೊಳ್ಳಲಿಲ್ಲ.
ಮಂಡಿಯೂರಿ ಕಾಯುತ್ತಿದ್ದೆ,
ಮಿಕ್ಕ ಬೀಟು ತಡವಾದರೆ
ಅದಕ್ಕೇನು ಹೆಸರೆಂದು ಗೊತ್ತಿದ್ದೂ.